ಇಲಿ ಬಿದ್ದಾಗ ಊರು ಬಿಟ್ಟವರು, ಕೊರೋನಾದಾಗ ತೋಟ ಸೇರಿದವರು

2021ರ ಮೇ 23, ರವಿವಾರ. ಎರಡನೇ ಅಲೆಯ ಲಾಕ್‌ಡೌನ್ ಬಿಗಿಯಾಗಿದ್ದ ದಿನಗಳು. ಗೋಕಾಕ ತಾಲೂಕಿನ ಕೊಣ್ಣೂರು ಬಳಿಯ ಮರಡಿಮಠದಲ್ಲಿ ಒಂದು ಕುದುರೆಯ ಅಂತ್ಯಕ್ರಿಯೆ ನಡೆಯಿತು. ನೂರಾರು ಜನ ಹೆಗಲಿಗೆ ಹೆಗಲು ತಾಗಿಸಿ ನಡೆದರು. ಕೊರೋನಾ ಊರೊಳಗೆ ಬರದಿರಲಿ ಎಂದು ಮಠದ ಆ ಕುದುರೆಯನ್ನು ಊರ ತುಂಬ ತಿರುಗಲು ಬಿಟ್ಟಿದ್ದರು. ಅದು ಸತ್ತಿತು. ಊರ ಕಂಟಕವನ್ನು ತಾನೇ ಹೊತ್ತುಕೊಂಡು ಹೋಯಿತು ಎಂದು ಜನ ನಂಬಿದರು. ವಿಡಿಯೋ ಹೊರಬಿದ್ದ ಮೇಲೆ ಜಿಲ್ಲಾಡಳಿತ ಸುಮಾರು 400 ಮನೆಗಳಿರುವ ಆ ಜಾಗವನ್ನು ಸೀಲ್‌ಡೌನ್ ಮಾಡಿತು.

ದೇಶದ ಎಲ್ಲ ಟಿವಿಗಳಲ್ಲೂ ಆ ಕುದುರೆ ಓಡಿತು. ನಾವೂ ಬರೆದೆವು. ತಲೆಬರಹದಲ್ಲಿ 'ಮೌಢ್ಯ' ಎಂಬ ಪದ ಹಾಕಿದೆವು. ಬೇಗ ಓದುತ್ತಾರೆ, ಬೇಗ ಹಂಚುತ್ತಾರೆ ಅಂತ ಗೊತ್ತಿತ್ತು.

ಈಗ ಹಳೆಯ ಫೋನಿನಲ್ಲಿ ಆ ಸುದ್ದಿ ಹುಡುಕುವಾಗ ಅದಕ್ಕಿಂತ ಐದು ವಾರ ಹಿಂದಿನ ನಮ್ಮದೇ ಇನ್ನೊಂದು ಸುದ್ದಿ ಸಿಕ್ಕಿತು. ಬೆಳಗಾವಿ ಲೋಕಸಭಾ ಉಪಚುನಾವಣೆಯದು. ಏಪ್ರಿಲ್ 17ರಂದು ಮತದಾನ. ಗೋಕಾಕವೂ, ಮೂಡಲಗಿ ಬರುವ ಅರಭಾವಿಯೂ ಆ ಕ್ಷೇತ್ರದೊಳಗೇ ಇವೆ. ಪ್ರಚಾರದ ಸಭೆಗೆ ಸೇರಿದ ಜನರನ್ನು ನಾವು 'ಜನಸಾಗರ' ಎಂದು ಬರೆದಿದ್ದೆವು. ಫೋಟೋದಲ್ಲಿ ಮಾಸ್ಕ್ ಇದ್ದವರನ್ನು ಬೆರಳ ಮೇಲೆ ಎಣಿಸಬಹುದು. ಅದೇ ವರ್ಷ ಜನವರಿ 17ರಂದು ಬೆಳಗಾವಿಯಲ್ಲಿ ಕೇಂದ್ರ ಗೃಹಮಂತ್ರಿಗಳ ಸಮಾವೇಶ ನಡೆದಿತ್ತು. ಅಲ್ಲಿ ಮಾಸ್ಕ್, ಅಂತರ ಪಾಲಿಸದ ಬಗ್ಗೆ ಎಫ್‌ಐಆರ್ ಯಾಕೆ ಹಾಕಲಿಲ್ಲ ಎಂದು ಮುಂದೆ ಹೈಕೋರ್ಟು ಪೊಲೀಸರನ್ನು ಕೇಳಿತು. ಅಲ್ಲಿಯೂ ಜನ, ಇಲ್ಲಿಯೂ ಜನ. ಒಂದನ್ನು ಜನಸಾಗರ ಅಂದೆವು, ಒಂದನ್ನು ಮೌಢ್ಯ ಅಂದೆವು.

ಕುದುರೆ ಬಿಟ್ಟದ್ದು ಸರಿ ಅಂತ ನಾವು ಹೇಳುತ್ತಿಲ್ಲ. ಅಷ್ಟು ಜನ ಒತ್ತೊತ್ತಾಗಿ ನಡೆದದ್ದು ಅಪಾಯವೇ. ಆದರೆ ಅವರಿಗೆ ಭಯ ಇರಲಿಲ್ಲ ಅನ್ನುವ ಮಾತು ಸುಳ್ಳು. ಭಯ ಇಲ್ಲದವರು ಕುದುರೆ ಬಿಡುವುದಿಲ್ಲ. ರೋಗ ಬಂದಾಗ ನಮ್ಮ ಸೀಮೆಯ ಜನ ಯಾವುದಕ್ಕೆ ಅಂಜಿದರು, ಯಾವುದಕ್ಕೆ ಅಂಜಲಿಲ್ಲ, ಯಾರ ಮಾತು ಕೇಳಿದರು ಎಂದು ತಿಳಿಯಬೇಕಾದರೆ ನೂರಿಪ್ಪತ್ತೈದು ವರ್ಷ ಹಿಂದೆ ಹೋಗಬೇಕು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಆಗ ನಮ್ಮ ಮೂರೂ ತಾಲೂಕುಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಮೂಡಲಗಿ ಗೋಕಾಕ ತಾಲೂಕಿನಲ್ಲಿತ್ತು, ಹುಕ್ಕೇರಿ ಚಿಕ್ಕೋಡಿ ತಾಲೂಕಿನಲ್ಲಿತ್ತು. ಪುಣೆಯಿಂದ ಬೆಳಗಾವಿ ದಾಟಿ ಹೋಗುವ ರೈಲು ಶುರುವಾಗಿ ಹತ್ತು ವರ್ಷವೂ ಆಗಿರಲಿಲ್ಲ. ರೈಲಿನಲ್ಲಿ ಕಾಳಿನ ಚೀಲ ಬಂತು, ಅರಳೆ ಬಂತು, ಮಂದಿ ಬಂದರು, ಜೊತೆಗೆ ರೋಗವೂ ಬಂತು. 1897ರ ಕೊನೆಗೆ ಬೆಳಗಾವಿಯಲ್ಲಿ ಪ್ಲೇಗು ಕಾಣಿಸಿತು. 1898ರಲ್ಲಿ ಹುಬ್ಬಳ್ಳಿ-ಧಾರವಾಡದ ಕಡೆ ಅದರ ಹಾವಳಿ ವಿಪರೀತವಾಯಿತು.

1891ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನ ಸುಮಾರು 10 ಲಕ್ಷ 13 ಸಾವಿರ. 1901ರಲ್ಲಿ 9 ಲಕ್ಷ 94 ಸಾವಿರ. ಹತ್ತು ವರ್ಷದಲ್ಲಿ ಏರಬೇಕಾದ ಲೆಕ್ಕ ಇಳಿಯಿತು. ಎಲ್ಲವೂ ಪ್ಲೇಗಿನಿಂದಲ್ಲ, ನಡುವೆ ಬರವೂ ಬಂದಿತ್ತು. ಆದರೆ ಮನೆಗಳಲ್ಲಿ ಉಳಿದ ನೆನಪು ಪ್ಲೇಗಿನದೇ.

ಆ ನೆನಪಿನಲ್ಲಿ ಒಂದು ಮಾತು ಇವತ್ತಿಗೂ ಇದೆ. 'ಇಲಿ ಬಿತ್ತಂದ್ರ ಊರ ಬಿಡೂದು.' ಮಾಳಿಗೆಯಿಂದಲೋ ಗೋಡೆಯ ಸಂದಿನಿಂದಲೋ ಇಲಿ ತತ್ತರಿಸುತ್ತ ಹೊರಗೆ ಬಂದು ನಡುಮನೆಯಲ್ಲಿ ಸತ್ತು ಬಿದ್ದರೆ ಯಾರನ್ನೂ ಕೇಳುತ್ತ ಕೂಡುತ್ತಿರಲಿಲ್ಲ. ಹಾಸಿಗೆ, ಭಾಂಡೆ, ಜೋಳ, ದನ ಹೊಡೆದುಕೊಂಡು ಹೊಲಕ್ಕೆ. ಅಲ್ಲಿ ಕಣಿಕಿಯ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇರುವುದು. ಈ ರೋಗ ನಮ್ಮ ಕಡೆ ಬಿಸಿಲು ಬಲಿತಂತೆ ಇಳಿಯುತ್ತಿತ್ತು. ಅಷ್ಟು ಹೊತ್ತಿಗೆ ಜೋಳದ ಸುಗ್ಗಿಯೂ ಮುಗಿದಿರುತ್ತಿತ್ತು, ಮತ್ತೆ ಊರು.

ಇದು ಮೂಢನಂಬಿಕೆಯೋ ಮುಂಜಾಗ್ರತೆಯೋ? ಆಗಿನ ಸರಕಾರದ ದೊಡ್ಡ ಡಾಕ್ಟರರಿಗೂ ರೋಗ ಹರಡುವ ದಾರಿ ಖಚಿತವಾಗಿರಲಿಲ್ಲ. ಹೊಲಸು, ಕೆಟ್ಟ ಗಾಳಿ, ನೆಲ, ಬಟ್ಟೆ ಎಂದು ಎಲ್ಲದರ ಮೇಲೂ ಅನುಮಾನ. ಮನೆಗೆ ನುಗ್ಗಿ ಔಷಧ ಸಿಂಪಡಿಸಿದರು, ಸುಣ್ಣ ಬಳಿದರು, ಬೆಳಕು ಬೀಳಲಿ ಎಂದು ಹೆಂಚು ತೆಗೆಸಿದರು, ಬಟ್ಟೆ ಸುಟ್ಟರು. 1898ರಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ಡಾಕ್ಟರ್ ಕರಾಚಿಯಲ್ಲಿ ಪ್ರಯೋಗ ಮಾಡಿ, ಇದು ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆ ಎಂದ. ಬಹಳ ಜನ ಒಪ್ಪಲಿಲ್ಲ. ಮುಂಬಯಿಯಲ್ಲಿ ವರ್ಷಗಟ್ಟಲೆ ಸಂಶೋಧನೆ ನಡೆದು ಅದು ಗಟ್ಟಿಯಾಗಿ ಸಾಬೀತಾದದ್ದು 1906ರ ಆಚೀಚೆ. ಇಲಿ ಸತ್ತು ಮೈ ತಣ್ಣಗಾದರೆ ಚಿಗಟ ಅದನ್ನು ಬಿಟ್ಟು ಹತ್ತಿರ ಸಿಕ್ಕ ಮನುಷ್ಯನ ಮೇಲೆ ಹಾರುತ್ತದೆ. ಅಂದರೆ ಇಲಿ ಬಿದ್ದ ಮೇಲೆ ಆ ಮನೆಯಲ್ಲಿರುವುದೇ ದೊಡ್ಡ ಅಪಾಯ. ನಮ್ಮ ಮುತ್ತಜ್ಜಿಯರಿಗೆ ಚಿಗಟದ ಸಂಗತಿ ಗೊತ್ತಿರಲಿಲ್ಲ, ಆದರೆ ಹೊರಡುವ ಹೊತ್ತು ಗೊತ್ತಿತ್ತು. ಮುಂದೆ ಸರಕಾರವೂ ಬಲವಂತ ಕಡಿಮೆ ಮಾಡಿ, ಊರು ಖಾಲಿ ಮಾಡುವುದನ್ನೇ ಮುಖ್ಯ ಉಪಾಯವಾಗಿ ಹಿಡಿಯಿತು.

ಆದರೆ ಊರು ಬಿಡುವುದು ಎಲ್ಲರಿಗೂ ಸಲೀಸಲ್ಲ. ಹೊಲ ಇದ್ದವನು ಹೊಲಕ್ಕೆ ಹೋದ. ಹೊಲ ಇಲ್ಲದವನು ಯಾರ ಬದುವಿನ ಮೇಲೆ ಗುಡಿಸಲು ಹಾಕಬೇಕು? ಗೋಕಾಕ ಫಾಲ್ಸಿನ ನೂಲಿನ ಗಿರಣಿ ಆಗಲೇ ಶುರುವಾಗಿತ್ತು. ಗಿರಣಿಯ ಕೂಲಿಗೆ ಊರು ಬಿಡುವುದೆಂದರೆ ಪಗಾರ ಬಿಟ್ಟಂತೆ. ಸಾವುಕಾರನಿಗೆ ಹೊಲವೂ ಇತ್ತು, ಗಾಡಿಯೂ ಇತ್ತು, ಆದರೆ ಮನೆಯಲ್ಲಿ ಕಾಳು ತುಂಬಿದ ಹಗೇವು ಇತ್ತು. ಕಳ್ಳರ ಅಂಜಿಕೆಗೆ ಅವನು ಕಾಳು ಕಾಯುತ್ತ ಕೂತರೆ, ಇಲಿ ಹೆಚ್ಚಿರುವುದೂ ಕಾಳಿದ್ದ ಕಡೆಯೇ. ಒಂದೇ ಊರು, ಒಂದೇ ರೋಗ, ಲೆಕ್ಕ ಮಾತ್ರ ಬೇರೆ ಬೇರೆ. ಊರು ಬಿಡದವನು ದಡ್ಡನೆಂದೂ ಬಿಟ್ಟವನು ಶಾಣ್ಯಾನೆಂದೂ ಹೇಳುವ ಮೊದಲು ಯಾರ ಹತ್ತಿರ ಎಷ್ಟೆಕರೆ ಇತ್ತು ಅಂತ ಕೇಳಬೇಕಾಗುತ್ತದೆ.

ಇಲಿಗಿಂತ ಹೆಚ್ಚು ಜನ ಅಂಜಿದ್ದು ಸರಕಾರಕ್ಕೆ. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಅಧಿಕಾರಿಗಳು ಯಾರ ಮನೆಗೂ ನುಗ್ಗಬಹುದು, ರೋಗಿಯನ್ನು ಎಳೆದೊಯ್ಯಬಹುದು, ರೈಲಿನಿಂದ ಇಳಿಸಿ ಬಗಲು-ತೊಡೆ ಮುಟ್ಟಿ ಗಂಟು ನೋಡಬಹುದು. ಹೆಂಗಸರನ್ನು ಹೀಗೆ ಪರೀಕ್ಷಿಸುತ್ತಾರೆ ಎಂಬ ಮಾತಿಗೇ ಊರೂರು ಉರಿಯಿತು. ಪುಣೆಯಲ್ಲಿ ಸೈನಿಕರನ್ನು ಮನೆ ಜಡತಿಗೆ ಬಿಟ್ಟ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಚಾಪೇಕರ್ ಸಹೋದರರು 1897ರ ಜೂನ್ 22ರ ರಾತ್ರಿ ಗುಂಡಿಕ್ಕಿದರು. ಜನ ರೋಗಿಯನ್ನು ಮುಚ್ಚಿಟ್ಟರು. ಸತ್ತವರನ್ನು ರಾತ್ರೋರಾತ್ರಿ ಮಣ್ಣು ಮಾಡಿದರು. ಬೇರೆ ಮನೆಗೆ ರೋಗ ಹಬ್ಬಲು ಈ ಮುಚ್ಚಿಡುವುದೂ ಕಾರಣವಾಯಿತು.

2020ರ ಮಾರ್ಚ್ 11ರಂದು ಕರ್ನಾಟಕ ಸರಕಾರ ಕೋವಿಡ್ ನಿಯಮಗಳನ್ನು ಹೊರಡಿಸಿದ್ದು ಇದೇ 1897ರ ಕಾಯ್ದೆಯ ಕೆಳಗೆ. ಮುತ್ತಜ್ಜನನ್ನು ಹೆದರಿಸಿದ ಕಾಗದವೇ ಮರಿಮಗನ ಬಾಗಿಲಿಗೂ ಬಂತು.

ಇನ್ನು ಸೂಜಿಯ ಕಥೆ. ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡ. ಮರುವರ್ಷ ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ಸರಕಾರಿ ಸರ್ಜನ್ ಅದನ್ನು ಮನೆಮನೆಗೂ ಮುಟ್ಟಿಸಿದ. ಸುಮಾರು 50 ಸಾವಿರ ಜನರಿದ್ದ ಊರಲ್ಲಿ 38 ಸಾವಿರದಷ್ಟು ಜನ ಚುಚ್ಚಿಸಿಕೊಂಡರು. ಆ ಕಾಲಕ್ಕೆ ಇದು ದೇಶವೇ ಬಾಯಿ ಬಿಟ್ಟು ನೋಡಿದ ಸಂಗತಿ. ನಮ್ಮ ಗೋಕಾಕದಿಂದ ಹುಬ್ಬಳ್ಳಿ ಏನೂ ದೂರದೂರಲ್ಲ.

ಹುಬ್ಬಳ್ಳಿಯವರೇನು ಬೇರೆಯವರಿಗಿಂತ ಧೈರ್ಯವಂತರೇ? ಹಾಗೇನಿಲ್ಲ. ಮೊದಲು ಅಲ್ಲೂ ಅಂಜಿದರು. ಗಂಡಸುತನ ಹೋಗುತ್ತದೆ, ಜಾತಿ ಕೆಡುತ್ತದೆ ಎಂಬ ಮಾತು ಆಗ ದೇಶದ ತುಂಬ ಓಡಾಡುತ್ತಿತ್ತು. 2021ರಲ್ಲಿ ಇದೇ ಗಂಡಸುತನದ ಮಾತು ವಾಟ್ಸಾಪಿನಲ್ಲಿ ನಮಗೂ ಬಂತು, ಒಂದು ಅಕ್ಷರ ಬದಲಾಗದೆ. ಆದರೆ ಹುಬ್ಬಳ್ಳಿಯಲ್ಲಿ ಸಾವು ಕಣ್ಣೆದುರಿಗಿತ್ತು. ಚುಚ್ಚಿಸಿಕೊಂಡ ಮನೆಯಲ್ಲಿ ಸಾವು ಕಡಿಮೆ ಎನ್ನುವುದೂ ಕಣ್ಣೆದುರಿಗೇ ಇತ್ತು. ಮೇಲಾಗಿ ಆ ಕಾಲದಲ್ಲಿ ಲಸಿಕೆಯ ಸರ್ಟಿಫಿಕೇಟ್ ಇದ್ದವರಿಗೆ ಪ್ರಯಾಣದ ತಡೆ, ಕ್ಯಾಂಪಿನ ಕಾಟದಿಂದ ರಿಯಾಯಿತಿ ಸಿಗುತ್ತಿತ್ತು. ರೋಗಕ್ಕೆ ಅಂಜಿ ಚುಚ್ಚಿಸಿಕೊಂಡವರೂ ಇದ್ದರು, ಕ್ಯಾಂಪಿಗೆ ಅಂಜಿ ಚುಚ್ಚಿಸಿಕೊಂಡವರೂ ಇದ್ದರು. ಆ ಲಸಿಕೆ ಜೋರು ಜ್ವರ ತರುತ್ತಿತ್ತು. ಎರಡು ದಿನದ ಜ್ವರ ಅಂದರೆ ಕೂಲಿಯವನಿಗೆ ಎರಡು ದಿನದ ಕೂಲಿ. ಅದನ್ನು ಕೊಡುವವರು ಯಾರೂ ಇರಲಿಲ್ಲ.

ಜನರ ಅಂಜಿಕೆ ಪೂರ್ತಿ ಹುಸಿಯೂ ಅಲ್ಲ. 1902ರಲ್ಲಿ ಪಂಜಾಬಿನ ಮುಲ್ಕೊವಾಲ ಎಂಬ ಹಳ್ಳಿಯಲ್ಲಿ ಈ ಲಸಿಕೆ ಹಾಕಿಸಿಕೊಂಡವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಒಂದೇ ಬಾಟಲಿ ಕೆಟ್ಟಿತ್ತು. ಹಾಫ್‌ಕಿನ್ ಮೇಲೆ ಆರೋಪ ಬಂತು, ಅಧಿಕಾರ ಹೋಯಿತು, ಅವನ ತಪ್ಪಲ್ಲ ಎಂದು ತೀರ್ಮಾನವಾಗಲು 1907 ಬರಬೇಕಾಯಿತು. ಅಷ್ಟರೊಳಗೆ ಸುದ್ದಿ ಹಳ್ಳಿ ಹಳ್ಳಿ ಮುಟ್ಟಿತ್ತು. ತಪ್ಪಾದ ಸುದ್ದಿ ಮುಟ್ಟುವಷ್ಟು ಬೇಗ ಸರಿಯಾದದ್ದು ಮುಟ್ಟುವುದಿಲ್ಲ. ಇದು ನಮ್ಮ ದಂಧೆಯ ಮಾತು, ಅನುಭವದಿಂದಲೇ ಹೇಳುತ್ತೇವೆ.

ನಡುವೆ 1918 ಬಂತು. ಇನ್‌ಫ್ಲುಯೆಂಜಾ. ಮರಾಠಿ ಮಂದಿ ಅದನ್ನು ಮಾನಮೋಡಿ ಅಂದರು, ಅಂದರೆ ಕುತ್ತಿಗೆ ಮುರಿಯುವ ಬೇನೆ. ಮಳೆ ಕೈಕೊಟ್ಟ ವರ್ಷ. ಸೆಪ್ಟೆಂಬರ್-ಅಕ್ಟೋಬರಿನ ಅಲೆ ಭಯಂಕರ. ಮುಂಬಯಿ ಪ್ರಾಂತವೊಂದರಲ್ಲೇ ಆ ವರ್ಷ 10 ಲಕ್ಷಕ್ಕೂ ಮೀರಿ ಜನ ಸತ್ತರು. ಸತ್ತವರಲ್ಲಿ ದುಡಿಯುವ ವಯಸ್ಸಿನವರು, ಅದರಲ್ಲೂ ಹೆಂಗಸರು ಹೆಚ್ಚು. ರೋಗಿಯ ಬಾಯಿಗೆ ನೀರು ಬಿಡುವವರು ಅವರೇ ಅಲ್ಲವೇ. ಇಲಿ ಬೀಳಲಿಲ್ಲ. ಯಾವ ಸೂಚನೆಯೂ ಇಲ್ಲ. ಉಸಿರಿನಿಂದ ಹರಡುವ ರೋಗಕ್ಕೆ ಹೊಲದ ಗುಡಿಸಲೂ ಒಂದೇ, ಊರ ಮನೆಯೂ ಒಂದೇ. ಒಂದೇ ಗುಡಿಸಲಲ್ಲಿ ಎಂಟು ಜನ ಮಲಗಿದರೆ ಎಂಟೂ ಜನಕ್ಕೆ. ಪ್ಲೇಗಿನಲ್ಲಿ ಜೀವ ಉಳಿಸಿದ ಉಪಾಯ ಇಲ್ಲಿ ಉಪಯೋಗಕ್ಕೆ ಬರಲಿಲ್ಲ.

ಇದನ್ನು ಯಾಕೆ ಹೇಳುತ್ತೇವೆಂದರೆ ನೂರು ವರ್ಷದ ನಂತರ ನಾವೂ ಅದನ್ನೇ ಮಾಡಿದೆವು. 2021ರ ಮೇ ತಿಂಗಳಲ್ಲಿ ನಮ್ಮ ಕಡೆಯ ಎಷ್ಟೋ ಮನೆತನಗಳು ಊರ ಬಾಗಿಲಿಗೆ ಕೀಲಿ ಹಾಕಿ ತೋಟ ಸೇರಿದವು. ಗೋಕಾಕ-ಮೂಡಲಗಿ ಕಡೆ ಮೊದಲೇ ತೋಟದ ವಸತಿ ಹೆಚ್ಚು. ಕಬ್ಬಿನ ನಡುವೆ ಮನೆ, ಪಕ್ಕದ ಮನೆ ಕೂಗಳತೆಯಲ್ಲಿ. 'ತ್ವಾಟದಾಗ ನಮಗೆಲ್ಲಿ ಕೊರೋನಾ?' ಎಂಬ ಮಾತು ಆಗ ನಾವು ದಿನಾ ಕೇಳುತ್ತಿದ್ದೆವು. ಅದು ಅರ್ಧ ನಿಜ. ಸಂತೆ ಇಲ್ಲ, ಗುಂಪಿಲ್ಲ, ಗಾಳಿ ಇದೆ. ಇನ್ನರ್ಧ ಏನೆಂದರೆ ಪುಣೆ, ಇಚಲಕರಂಜಿ, ಕೊಲ್ಲಾಪುರದಿಂದ ಬಂದ ಮಗನೂ ಅದೇ ತೋಟಕ್ಕೆ ಬಂದ. ನಿಪ್ಪಾಣಿಯ ಹತ್ತಿರ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ಆರ್‌ಟಿಪಿಸಿಆರ್ ಕೇಳುತ್ತಿದ್ದರು, ಅದಕ್ಕೇ ಹುಕ್ಕೇರಿ ಕಡೆಯ ಹುಡುಗರು ರಾತ್ರಿ ಹೊಲದ ದಾರಿ ಹಿಡಿದು ಬಂದರು. ಮೊದಲ ಲಾಕ್‌ಡೌನಿನಲ್ಲಿ ಊರ ದಾರಿಗೆ ಮುಳ್ಳುಕಂಟಿ ಹಾಕಿ ಹೊರಗಿನವರನ್ನು ತಡೆದ ಊರುಗಳೇ ಇವು. ಹೊರಗಿನವರು ಅಂದರೆ ಬೇರೆಯವರು. ಮನೆ ಮಗ ಹೇಗೆ ಹೊರಗಿನವನಾಗುತ್ತಾನೆ?

ಆಳುವವರೂ ಏನೂ ಕಡಿಮೆ ಇರಲಿಲ್ಲ. 2020ರಲ್ಲಿ ರಸ್ತೆ, ಗೋಡೆ, ಬಸ್‌ಸ್ಟ್ಯಾಂಡಿಗೆ ಔಷಧ ಹೊಡೆದದ್ದನ್ನು ನಾವು ಫೋಟೋ ಸಮೇತ ಕಳಿಸಿದ್ದೇವೆ. ಬೀದಿಗೆ ಹಾಗೆ ಸಿಂಪಡಿಸುವುದರಿಂದ ಪ್ರಯೋಜನವಿಲ್ಲ ಎಂದು ಅದೇ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. 2021ರಲ್ಲಿ ಬೆಳಗಾವಿಯ ಓಣಿಗಳಲ್ಲಿ ಗಾಡಿಯ ಮೇಲೆ ಹೋಮದ ಹೊಗೆ ಹಾಕಿದರು. ಕುದುರೆ ಬಿಟ್ಟವರನ್ನು ನಕ್ಕವರು ಹೊಗೆಗೆ ಕೈ ಮುಗಿದರು.

ಹಾಗಾದರೆ ಜನ ಯಾವುದಕ್ಕೆ ನಿಜವಾಗಿ ಅಂಜಿದರು? ಪರೀಕ್ಷೆಗೆ. ಮೂಗಿಗೆ ಕಡ್ಡಿ ಹಾಕುವುದಕ್ಕಲ್ಲ, ಅದರ ಮುಂದಿನದಕ್ಕೆ. ಪಾಸಿಟಿವ್ ಅಂದರೆ ಬಾಗಿಲಿಗೆ ಚೀಟಿ, ಓಣಿಗೆ ತಗಡು, ಆಂಬುಲೆನ್ಸಿನ ಸದ್ದು. ಸತ್ತರೆ ಪ್ಲಾಸ್ಟಿಕ್ ಚೀಲ, ಮುಖ ನೋಡುವಂತಿಲ್ಲ, ಮಣ್ಣು ಕೊಡುವಂತಿಲ್ಲ. ಹಾಗಾಗಿ ಆ ಮೇ ತಿಂಗಳಲ್ಲಿ ಹಳ್ಳಿಗಳಲ್ಲಿ ಕೊರೋನಾಕ್ಕಿಂತ ಟೈಫಾಯಿಡ್ ಹೆಚ್ಚಿತ್ತು. ಯಾರ ಮನೆಗೆ ಹೋದರೂ 'ಟೈಫೈಡ್ ಆಗೇತ್ರಿ' ಎನ್ನುತ್ತಿದ್ದರು. ಊರ ಡಾಕ್ಟರ್ ಸಲಾಯಿನ್ ಹಚ್ಚುತ್ತಿದ್ದ. ಪ್ಲೇಗಿನವರು ರೋಗಿಯನ್ನೇ ಮುಚ್ಚಿಟ್ಟರು, ನಾವು ಹೆಸರನ್ನು ಮುಚ್ಚಿಟ್ಟೆವು.

'ನಾವು' ಎಂದದ್ದು ಬರವಣಿಗೆಯ ಶೈಲಿಗಲ್ಲ. ಹುಕ್ಕೇರಿ ತಾಲೂಕಿನ ನಮ್ಮ ಊರಲ್ಲಿ ಕಾಕಾನಿಗೆ ಜ್ವರ ಬಂತು. ಆ ವಾರ ಮನೆಯಲ್ಲಿ ತಂಗಿಯ ಮದುವೆ ಇತ್ತು, 40 ಜನಕ್ಕೆ ಪರವಾನಗಿ ಸಿಕ್ಕಿತ್ತು. ಪರೀಕ್ಷೆ ಮಾಡಿಸಿದರೆ ಮನೆ ಸೀಲ್, ಮದುವೆ ನಿಂತಂತೆ. ಅಜ್ಜಿ, 'ಎರಡ ದಿನಾ ನೋಡೂಣು, ಸುಮ್ನ ಊರಿಗೆಲ್ಲಾ ಸಾರಬ್ಯಾಡ್ರಿ' ಎಂದಳು. ತಮ್ಮ ಮಾತ್ರ ಜಗಳ ತೆಗೆದ. ಅವನು ಪುಣೆಯಲ್ಲಿ ಗೆಳೆಯನೊಬ್ಬನನ್ನು ಕಳೆದುಕೊಂಡು ಬಂದಿದ್ದ. ನಾವು? ಆಗ ದಿನಾ 'ಲಕ್ಷಣ ಕಂಡರೆ ತಕ್ಷಣ ಪರೀಕ್ಷಿಸಿಕೊಳ್ಳಿ' ಎಂದು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದವರು. ಸುದ್ದಿಗೆ ಇಷ್ಟು ಎಂದು ಕಾಸು ಸಿಗುವ ಕೆಲಸ, ಗುರುತಿನ ಚೀಟಿಯೂ ಇಲ್ಲ, ಲಾಠಿ ತಿಂದರೂ ಪತ್ರಿಕೆಯವರು ಕೇಳುವುದಿಲ್ಲ. ಆದರೂ ಊರೂರು ತಿರುಗಿ ಬೇರೆಯವರ ಮೌಢ್ಯ ಬರೆದವರು. ನಮ್ಮ ಮನೆಯಲ್ಲಿ ನಾವು ಬಾಯಿ ಬಿಡಲಿಲ್ಲ. ಮೂರು ದಿನ.

ನಾಲ್ಕನೇ ದಿನ ಕಾಕಾನಿಗೆ ಏದುಸಿರು ಹತ್ತಿತು. ಗೋಕಾಕಕ್ಕೆ ಕರೆದುಕೊಂಡು ಬಂದೆವು. ಹಾಸಿಗೆ ಸಿಕ್ಕಿತು, ಆಕ್ಸಿಜನ್ನೂ ಸಿಕ್ಕಿತು. ಕಾಕಾ ಉಳಿಯಲಿಲ್ಲ. ಮೂರು ದಿನ ಮೊದಲು ಬಂದಿದ್ದರೆ ಉಳಿಯುತ್ತಿದ್ದನೋ ಏನೋ, ಡಾಕ್ಟರರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮದುವೆಯೂ ಆಗಲಿಲ್ಲ. ಆಮೇಲೆ ಆಗಸ್ಟಿನಲ್ಲಿ ಆಯಿತು.

ಮರಡಿಮಠದ ಕುದುರೆಯ ಸುದ್ದಿ ನಾವು ಬರೆದದ್ದು ಇದಾದ ನಂತರ, ಹತ್ತೇ ದಿನಕ್ಕೆ.

ಆಮೇಲೆ ಲಸಿಕೆಯ ಸರದಿ ಬಂತು. 60 ದಾಟಿದವರಿಗೆ ಮಾರ್ಚ್‌ನಿಂದಲೇ ಶುರುವಾಗಿತ್ತು, ಅಜ್ಜಿ ಹೋಗಿರಲಿಲ್ಲ. ಹುಕ್ಕೇರಿಯಿಂದ ಬಂದ ಸಾಹೇಬರು ಗುಡಿಯ ಮುಂದೆ ಮೈಕಿನಲ್ಲಿ ಹೇಳಿ ಹೋದರು, ಹೋಗಲಿಲ್ಲ. ನಾವು ಹೇಳಿದೆವು, 'ನೀವು ಬರೆಯೋದ ಹಂಗ' ಎಂದಳು. ಜೂನ್ ಕೊನೆಗೆ ಓಣಿಯ ಆಶಾ ಅಕ್ಕ ಬಂದಳು. ಹಿಂದಿನ ವರ್ಷ ಜುಲೈನಲ್ಲಿ 12 ಸಾವಿರ ಗೌರವಧನ ಕೊಡಿ ಎಂದು ರಾಜ್ಯದ ತುಂಬ ಮುಷ್ಕರ ಮಾಡಿದವರಲ್ಲಿ ಅವಳೂ ಒಬ್ಬಳು. ಅಷ್ಟು ಸಿಗಲಿಲ್ಲ, ಆದರೂ ಮನೆಮನೆ ತಿರುಗುವುದು ಬಿಟ್ಟಿರಲಿಲ್ಲ. ಕಾಕಾ ಸತ್ತ ಮೇಲೆ ಹನ್ನೊಂದು ದಿನ ನಮ್ಮ ಮನೆಯ ಕಟ್ಟೆಯ ಹತ್ತಿರ ಬಂದು ನಿಂತು ಮಾತಾಡಿಸಿದ್ದು ಅವಳೊಬ್ಬಳೇ.

ಅವಳು ಲಸಿಕೆ ಎನ್ನಲಿಲ್ಲ. 'ಆಯಿ, ದೇವಿ ಹಾಕಿಸ್ಕೊಂಡಿರೇನ ಸಣ್ಣಾಕಿ ಇದ್ದಾಗ?' ಎಂದು ಕೇಳಿದಳು. ಸಿಡುಬಿನ ಲಸಿಕೆಗೆ ನಮ್ಮ ಕಡೆ ಹಾಗೇ ಅನ್ನುವುದು. ರೋಗಕ್ಕೂ ದೇವಿ, ಅದರ ಮದ್ದಿಗೂ ದೇವಿ.

ಅಜ್ಜಿ ಸೆರಗು ಸರಿಸಿ ತೋಳು ತೋರಿಸಿದಳು. ಎಂಟಾಣೆ ಅಗಲದ ಹಳೆಯ ಗುರುತು.

'ಆವತ್ತ ನಮ್ಮವ್ವ ನನ್ನ ಹಗೇವಿನ ಮನ್ಯಾಗ ಬಚ್ಚಿಟ್ಟಿದ್ಲು,' ಎಂದಳು. 'ನಮ್ಮಪ್ಪ ಎಳಕೊಂಡ ಬಂದ ಹಾಕಿಸಿದ. ಮೂರ ದಿನ ಇಬ್ರೂ ಮಾತಾಡ್ಲಿಲ್ಲ.'

ಆಶಾ ಅಕ್ಕ ಇನ್ನೊಂದು ತೋಳು ಕೇಳಿದಳು.